ಓದುಗರ ಪ್ರಶ್ನೆ: ಕಡಲ ಕಸವೂ ಮಲೆನಾಡಿನ ಮೋರಿಯೂ

ಸಮುದ್ರಕ್ಕೆ ಸೇರಿದ ಪ್ಲಾಸ್ಟಿಕನ್ನು ಹೊರತೆಗೆಯುವ ಪ್ರಯತ್ನಗಳ ಬಗ್ಗೆ ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಘಟ್ಟದ ಮೇಲಿನ ಊರುಗಳಿಂದಲೇ ಬಂದಿವೆ. ಕಡಲನ್ನು ವರ್ಷಕ್ಕೊಮ್ಮೆಯೂ ನೋಡದವರು ಅದರ ಬಗ್ಗೆ ಇಷ್ಟು ಕಾಳಜಿಯಿಂದ ಕೇಳಿರುವುದು ಸಂತೋಷದ ಸಂಗತಿ. ಐದು ಪತ್ರಗಳನ್ನು ಆರಿಸಿಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ಎಂಟನೇ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು, ಹುಟ್ಟುಹಬ್ಬಕ್ಕೆ ನೆಂಟರು ಕೊಟ್ಟ ಎರಡು ಸಾವಿರ ರೂಪಾಯಿಯನ್ನು ಸಮುದ್ರದ ಪ್ಲಾಸ್ಟಿಕ್ ತೆಗೆಯುವ ವಿದೇಶಿ ಸಂಸ್ಥೆಯೊಂದಕ್ಕೆ ಕಳಿಸಬೇಕೆಂದು ಹಟ ಹಿಡಿದಿದ್ದಾಳೆ. ಒಂದು ಡಾಲರಿಗೆ ಒಂದು ಪೌಂಡ್ ಕಸ ತೆಗೆಯುತ್ತಾರಂತೆ. ಇದು ನಂಬುವಂಥ ಮಾತೇ? ಕಳಿಸಲು ಬಿಡಬಹುದೇ? (ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ)

ಉತ್ತರ: ಮೇಷ್ಟ್ರೇ, ನಿಮ್ಮ ಮೊಮ್ಮಗಳು ಹೇಳುತ್ತಿರುವ ಡಾಲರಿಗೊಂದು ಪೌಂಡಿನ ಲೆಕ್ಕ 2021ರ ಅಕ್ಟೋಬರಿನಲ್ಲಿ ಆರಂಭವಾದ ‘ಟೀಮ್ ಸೀಸ್’ ಎಂಬ ಅಭಿಯಾನದ್ದು. ಮಿಸ್ಟರ್ ಬೀಸ್ಟ್ ಮತ್ತು ಮಾರ್ಕ್ ರೋಬರ್ ಎಂಬ ಅಮೆರಿಕದ ಇಬ್ಬರು ಯೂಟ್ಯೂಬರ್‌ಗಳು ಮೂರು ಕೋಟಿ ಡಾಲರ್ ಕೂಡಿಸುವ ಗುರಿಯೊಂದಿಗೆ ಇದನ್ನು ಶುರುಮಾಡಿದರು. ಕೆಲವೇ ತಿಂಗಳಲ್ಲಿ ಗುರಿ ಮುಟ್ಟಿತು. ಆ ಹಣ ‘ಓಶನ್ ಕನ್ಸರ್ವೆನ್ಸಿ’ ಮತ್ತು ‘ದಿ ಓಶನ್ ಕ್ಲೀನಪ್’ ಎಂಬ ಎರಡು ಸಂಸ್ಥೆಗಳಿಗೆ ಹೋಯಿತು. ಮೊದಲನೆಯದು 1986ರಿಂದ ಲೋಕದ ನಾನಾ ದೇಶಗಳ ಕಡಲತೀರಗಳಲ್ಲಿ ಸ್ವಯಂಸೇವಕರಿಂದ ಕಸ ಆರಿಸುವ ಕೆಲಸವನ್ನು ನಡೆಸಿಕೊಂಡು ಬಂದಿದೆ. ಎರಡನೆಯದನ್ನು ನೆದರ್‌ಲ್ಯಾಂಡ್ಸಿನ ಬೋಯನ್ ಸ್ಲಾಟ್ ಎಂಬ ತರುಣ 2013ರಲ್ಲಿ, ತನ್ನ ಹದಿನೆಂಟನೇ ವಯಸ್ಸಿನಲ್ಲಿ, ಸ್ಥಾಪಿಸಿದ. ಆದ್ದರಿಂದ ಮೋಸದ ಭಯ ಬೇಡ. ಆದರೆ ನಂಬಿಕೆಯ ಪ್ರಶ್ನೆ ಮುಗಿದ ಮೇಲೆ ಲೆಕ್ಕದ ಪ್ರಶ್ನೆ ಉಳಿಯುತ್ತದೆ, ಮತ್ತು ಲೆಕ್ಕ ಸ್ವಲ್ಪ ಕಠಿಣವಾಗಿದೆ.

ಹವಾಯಿ ದ್ವೀಪಗಳಿಗೂ ಕ್ಯಾಲಿಫೋರ್ನಿಯಾಕ್ಕೂ ನಡುವೆ, ಪೆಸಿಫಿಕ್ ಸಾಗರದಲ್ಲಿ, ಸುತ್ತುವ ಪ್ರವಾಹಗಳು ತಂದು ಕೂಡಿಸಿದ ಪ್ಲಾಸ್ಟಿಕ್ ತೇಲುವ ವಿಶಾಲ ಪ್ರದೇಶವೊಂದಿದೆ. ಪತ್ರಿಕೆಗಳು ಅದನ್ನು ‘ಪ್ಲಾಸ್ಟಿಕ್ ದ್ವೀಪ’ ಎಂದು ಬರೆಯುವುದು ವಾಡಿಕೆ. ಅಲ್ಲಿ ನಿಲ್ಲುವುದಕ್ಕೆ ಅಂಗೈಯಗಲ ನೆಲವೂ ಇಲ್ಲ. 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅದರ ವಿಸ್ತಾರ ಸುಮಾರು 16 ಲಕ್ಷ ಚದರ ಕಿಲೋಮೀಟರ್, ಅಂದರೆ ನಮ್ಮ ಇಡೀ ಕರ್ನಾಟಕದ ಎಂಟು ಪಟ್ಟಿಗೂ ಹೆಚ್ಚು. ಅಲ್ಲಿರುವ ಪ್ಲಾಸ್ಟಿಕಿನ ತೂಕ ಸುಮಾರು 80 ಸಾವಿರ ಟನ್. ಈ ಎರಡು ಅಂಕಿಗಳನ್ನು ಭಾಗಿಸಿ ನೋಡಿ: ಎಕರೆಗೆ ಸರಾಸರಿ ಇನ್ನೂರು ಗ್ರಾಂ ಮಾತ್ರ ಸಿಗುತ್ತದೆ. ಒಂದೆಕರೆ ಅಡಿಕೆ ತೋಟದಲ್ಲಿ ಅಲ್ಲೊಂದು ಇಲ್ಲೊಂದು ಚೆಲ್ಲಿಹೋದ ಇನ್ನೂರು ಗ್ರಾಂ ಚೂರುಗಳನ್ನು ಹುಡುಕಿ ಆರಿಸುವುದಕ್ಕೆ ಎಷ್ಟು ಆಳಿನ ಕೂಲಿ ಬೀಳುತ್ತದೆ ಎಂದು ಯೋಚಿಸಿದರೆ, ನಡುಗಡಲಿನಲ್ಲಿ ಎರಡು ಹಡಗುಗಳು ಸುಮಾರು ಎರಡು ಕಿಲೋಮೀಟರ್ ಉದ್ದದ ತೇಲುಬಲೆಯನ್ನು ನಿಧಾನವಾಗಿ ಎಳೆಯುತ್ತ ಸಾಗುವ ಕೆಲಸಕ್ಕೆ ಏಕೆ ಅಷ್ಟು ಖರ್ಚು ಎಂಬುದು ತಾನಾಗಿ ತಿಳಿಯುತ್ತದೆ. ಅವರ ಮೊದಲ ಸಾಧನ 2018ರಲ್ಲಿ ಪ್ಲಾಸ್ಟಿಕನ್ನು ಹಿಡಿದಿಟ್ಟುಕೊಳ್ಳಲಾರದೆ, ಕೊನೆಗೆ ಒಂದು ತುಂಡೂ ಮುರಿದು, ದಡಕ್ಕೆ ಮರಳಿತ್ತು. ಬಿಡದೆ ತಿದ್ದಿ 2021ರ ಹೊತ್ತಿಗೆ ಅದನ್ನು ಕೆಲಸಕ್ಕೆ ಬರುವಂತೆ ಮಾಡಿದರು. ಆ ಛಲಕ್ಕೆ ನನ್ನ ಗೌರವವಿದೆ. ಬಲೆಗೆ ಕಸದ ಜೊತೆಗೆ ಮೇಲ್ಮೈಯಲ್ಲಿ ಬದುಕುವ ಸಣ್ಣ ಜೀವಿಗಳೂ ಸಿಕ್ಕಿಬೀಳುತ್ತವೆ ಎಂಬ ಜೀವವಿಜ್ಞಾನಿಗಳ ಆಕ್ಷೇಪ ಇನ್ನೂ ತೀರ್ಮಾನವಾಗಿಲ್ಲ ಎಂಬುದನ್ನೂ ಹೇಳಬೇಕು.

ಇನ್ನೊಂದು ಅಂಕಿಯನ್ನು ಮೊಮ್ಮಗಳ ಮುಂದೆ ಇಡಿ. ನದಿಗಳ ಮೂಲಕ ಪ್ರತಿವರ್ಷ ಸಮುದ್ರ ಸೇರುವ ಪ್ಲಾಸ್ಟಿಕ್ 8 ಲಕ್ಷದಿಂದ 27 ಲಕ್ಷ ಟನ್ ಎಂದು 2021ರ ಅಧ್ಯಯನವೊಂದು ಅಂದಾಜು ಮಾಡಿದೆ. ಕೆಳಗಿನ ಅಂದಾಜನ್ನೇ ಹಿಡಿದರೂ, ಪೆಸಿಫಿಕ್ಕಿನ ಆ ಪ್ರದೇಶದಲ್ಲಿ ಇರುವ ಎಲ್ಲ ಕಸವನ್ನು ಇಂದು ಪವಾಡದಂತೆ ತೆಗೆದುಬಿಟ್ಟರೆ, ಅಷ್ಟೇ ಕಸವನ್ನು ಲೋಕದ ನದಿಗಳು ಮೂವತ್ತೇಳು ದಿನದಲ್ಲಿ ಮತ್ತೆ ಕಡಲಿಗೆ ತಂದು ಸುರಿಯುತ್ತವೆ. ಇದನ್ನು ಓಶನ್ ಕ್ಲೀನಪ್‌ನವರೂ ಬಲ್ಲರು. ಆ ಅಧ್ಯಯನದಲ್ಲಿ ಅವರದೇ ವಿಜ್ಞಾನಿಗಳು ಕೈಜೋಡಿಸಿದ್ದರು. ಈಗ ಅವರು ಮಲೇಷ್ಯಾದ ಕ್ಲಾಂಗ್, ಇಂಡೋನೇಷ್ಯಾದ ಜಕಾರ್ತ, ಜಮೈಕಾದ ಕಿಂಗ್‌ಸ್ಟನ್ ಮೊದಲಾದ ಕಡೆ ನದಿ ಮತ್ತು ನಾಲೆಗಳ ಬಾಯಿಯಲ್ಲೇ ಕಸ ತಡೆಯುವ ಸಾಧನಗಳನ್ನು ಇಟ್ಟಿದ್ದಾರೆ. ಹಣ ಕಳಿಸುವುದಾದರೆ ಈ ನದಿಯ ಕೆಲಸಕ್ಕೆ ಹೋಗಲಿ ಎಂಬುದು ನನ್ನ ಇಷ್ಟ. ವಿದೇಶಿ ಸಂಸ್ಥೆಗೆ ನೇರವಾಗಿ ಕೊಟ್ಟ ದೇಣಿಗೆಗೆ ಆದಾಯ ತೆರಿಗೆಯ ವಿನಾಯಿತಿ ಸಿಗುವುದಿಲ್ಲ; ಎರಡು ಸಾವಿರಕ್ಕೆ ಅದು ದೊಡ್ಡ ಮಾತಲ್ಲ ಬಿಡಿ.

ನನ್ನನ್ನೇ ಕೇಳಿದರೆ, ಐನೂರು ರೂಪಾಯಿಯನ್ನು ಅವಳು ಬಯಸಿದ ಕಡೆಗೆ ಕಳಿಸಲಿ. ಉಳಿದದ್ದನ್ನು ಏನು ಮಾಡಬಹುದೆಂದು ಕೊನೆಯ ಉತ್ತರದಲ್ಲಿ ಹೇಳಿದ್ದೇನೆ.

ಪ್ರಶ್ನೆ: ಶಿವಮೊಗ್ಗದಿಂದ ಸಮುದ್ರ ನೂರಾರು ಕಿಲೋಮೀಟರ್ ದೂರ. ತುಂಗೆಗೆ ಬಿದ್ದ ಒಂದು ಪ್ಲಾಸ್ಟಿಕ್ ಚೀಲ ನಿಜಕ್ಕೂ ಕಡಲು ಮುಟ್ಟುತ್ತದೆಯೇ, ಅಥವಾ ಇದು ಭಾಷಣದ ಮಾತೇ? (ಪದವಿ ವಿದ್ಯಾರ್ಥಿನಿ, ಶಿವಮೊಗ್ಗ)

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ. ‘ಇಲ್ಲಿ ಎಸೆದದ್ದೆಲ್ಲ ಅಲ್ಲಿ ಸೇರುತ್ತದೆ’ ಎಂಬುದು ಅರ್ಧ ಸತ್ಯ. ಚೀಲದ ಜೊತೆ ನಾವೂ ಪ್ರಯಾಣ ಮಾಡೋಣ. ಗಂಗಾಮೂಲದಲ್ಲಿ ಹುಟ್ಟಿ ಶೃಂಗೇರಿ, ತೀರ್ಥಹಳ್ಳಿ, ಮಂಡಗದ್ದೆಗಳನ್ನು ದಾಟಿ ಬಂದ ತುಂಗೆಯನ್ನು ಮೊದಲು ಗಾಜನೂರಿನ ಅಣೆಕಟ್ಟು ತಡೆಯುತ್ತದೆ. ಶಿವಮೊಗ್ಗ ಕಳೆದು ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿಕೊಂಡ ನೀರು ಹೊಸಪೇಟೆಯ ತುಂಗಭದ್ರಾ ಜಲಾಶಯದಲ್ಲಿ ನಿಲ್ಲುತ್ತದೆ. ಅಲ್ಲಿಂದ ಬಿಟ್ಟರೆ ಮಂತ್ರಾಲಯ, ಮುಂದೆ ಕೃಷ್ಣೆಯ ಸಂಗಮ, ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡದ ಪ್ರಕಾಶಂ ಬ್ಯಾರೇಜು; ಇಷ್ಟೆಲ್ಲ ಆದ ಮೇಲೆ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿ. ಇಷ್ಟು ತಡೆಗಳನ್ನು ಒಂದು ಚೀಲ ಇಡಿಯಾಗಿ ದಾಟುವುದು ಅಪರೂಪ. ನದಿಮುಖದಿಂದ ದೂರ ಹೆಚ್ಚಿದಂತೆ ಕಸ ಕಡಲು ತಲಪುವ ಸಂಭವ ಕುಗ್ಗುತ್ತದೆ ಎಂದೇ ಮೇಲೆ ಹೇಳಿದ ಅಧ್ಯಯನವೂ ಹೇಳುತ್ತದೆ.

ಹಾಗಾದರೆ ಅದು ಎಲ್ಲಿ ಹೋಯಿತು? ಪ್ರವಾಹ ಇಳಿದ ವಾರ ಹೊಳೆದಂಡೆಗೆ ಹೋಗಿ ನೋಡಿ. ಕೋರ್ಪಲಯ್ಯನ ಮಂಟಪ ಮುಳುಗಿತೆಂದರೆ ತುಂಗೆ ತುಂಬಿದಳು ಎಂದು ಅಳೆಯುವ ನಮ್ಮ ಊರಿನವರು, ನೀರು ಎಷ್ಟು ಎತ್ತರಕ್ಕೆ ಏರಿತ್ತೆಂದು ತಿಳಿಯಲು ಈಗ ಇನ್ನೊಂದು ಅಳತೆಗೋಲನ್ನೂ ಬಳಸಬಹುದು: ದಂಡೆಯ ಪೊದೆಗಳಲ್ಲಿ ಚಿಂದಿ ಚೀಲಗಳು ಯಾವ ಕೊಂಬೆಯವರೆಗೆ ತೂಗುತ್ತಿವೆಯೋ ಅಲ್ಲಿಯವರೆಗೆ. ಪಾಲಿಥೀನ್ ಮತ್ತು ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ಆದ್ದರಿಂದ ತೇಲಿ ಪೊದೆ ಹಿಡಿಯುತ್ತವೆ. ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್ ನೀರಿಗಿಂತ ಭಾರ. ಮುಚ್ಚಳ ಇರುವಷ್ಟು ಕಾಲ ಒಳಗಿನ ಗಾಳಿಯಿಂದ ತೇಲಿ, ಮುಚ್ಚಳ ಕಳಚಿದೊಡನೆ ನೀರು ತುಂಬಿ ತಳ ಸೇರುತ್ತದೆ. ಪೊದೆಯಲ್ಲಿ ತೂಗುವ ಚೀಲ ಬೇಸಗೆಯ ಬಿಸಿಲಿಗೆ ಗರಿಗರಿಯಾಗಿ, ಮುಟ್ಟಿದರೆ ಪುಡಿಯಾಗಿ, ಐದು ಮಿಲಿಮೀಟರಿಗಿಂತ ಸಣ್ಣ ಚೂರಾಗುತ್ತದೆ. ಆ ಚೂರಿಗೆ ಅಣೆಕಟ್ಟಿನ ಬಾಗಿಲು ದೊಡ್ಡ ತಡೆಯಲ್ಲ. ನಾಲೆಯ ಮೂಲಕ ಭತ್ತದ ಗದ್ದೆಗೂ ಹೋಗಬಲ್ಲದು, ಹೊಳೆಯೊಡನೆ ಕಡಲಿಗೂ ಹೋಗಬಲ್ಲದು. ಚೀಲ ಕಡಲಿಗೆ ಹೋಗಲಿಲ್ಲ ಎಂದು ನೆಮ್ಮದಿಪಡುವ ಹಾಗಿಲ್ಲ, ಅದು ನಮ್ಮಲ್ಲೇ ಉಳಿಯಿತು ಎಂದಷ್ಟೇ ಅರ್ಥ.

ಇದು ಪೂರ್ವಕ್ಕೆ ಹರಿಯುವ ಹೊಳೆಗಳ ಕಥೆ. ಪಶ್ಚಿಮದ ಕಥೆ ಬೇರೆ, ಮತ್ತು ನಿಜವಾದ ಆತಂಕ ಅಲ್ಲಿದೆ. ಆಗುಂಬೆಯನ್ನೇ ತೆಗೆದುಕೊಳ್ಳಿ. ಊರಿನ ಪೂರ್ವದ ಇಳಿಜಾರಿನ ನೀರು ಮಾಲತಿಯ ಮೂಲಕ ತುಂಗೆಗೆ ಸೇರಿ ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ. ಸೂರ್ಯಾಸ್ತ ನೋಡುವ ಕಟ್ಟೆಯಾಚೆಗೆ ಎಸೆದ ಚಿಪ್ಸ್ ಪೊಟ್ಟಣ ಘಟ್ಟದ ಕೆಳಗಿನ ತೊರೆಗಳಿಗೆ ಬಿದ್ದು, ಸೀತಾನದಿಯ ಮೂಲಕ ಬಾರ್ಕೂರಿನ ಕಡೆಗೆ, ಅಲ್ಲಿಂದ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಒಂದೇ ಊರಿನ ಕಸಕ್ಕೆ ಎರಡು ಕಡಲು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆ ಇಳಿಜಾರಿನಲ್ಲಿ ದಾರಿ ಚಿಕ್ಕದು, ರಭಸ ಹೆಚ್ಚು, ತಡೆಯುವ ದೊಡ್ಡ ಜಲಾಶಯವೂ ಇಲ್ಲ. ಶರಾವತಿಯ ವಿಚಾರದಲ್ಲಿ ಲಿಂಗನಮಕ್ಕಿಯ ಮೇಲಿನ ಕಸ ಬಹುಪಾಲು ಹಿನ್ನೀರಿನಲ್ಲೇ ನಿಲ್ಲುವುದೆಂದು ನಿರೀಕ್ಷಿಸಬಹುದು, ಆದರೆ ಗೇರುಸೊಪ್ಪೆಯ ಕೆಳಗೆ ಬಿದ್ದದ್ದಕ್ಕೆ ಹೊನ್ನಾವರದ ಅಳಿವೆ ದೂರವೇನಲ್ಲ. ಆ ಅಳಿವೆಯ ಪಕ್ಕದ ಕಾಸರಕೋಡು ತೀರಕ್ಕೆ 2020ರಲ್ಲಿ ಸ್ವಚ್ಛತೆಗಾಗಿ ‘ನೀಲಿ ಬಾವುಟ’ದ ಮನ್ನಣೆ ಸಿಕ್ಕಿತು, ಕಡಲಾಮೆಗಳು ಮೊಟ್ಟೆಯಿಡಲು ಬರುವ ತೀರವೂ ಅದೇ. ಲೋಕದ ನದಿಕಸದಲ್ಲಿ ಶೇಕಡ 80ರಷ್ಟನ್ನು ಒಯ್ಯುವ ಸಾವಿರಕ್ಕೂ ಹೆಚ್ಚು ನದಿಗಳಲ್ಲಿ ಬಹಳಷ್ಟು ಇಂಥ ಗಿಡ್ಡ ನದಿಗಳೇ ಎಂಬುದು 2021ರ ಆ ಅಧ್ಯಯನದ ಮುಖ್ಯ ಮಾತು. ಗಂಗೆ, ಯಾಂಗ್‌ಟ್ಸಿಯಂಥ ಮಹಾನದಿಗಳನ್ನಷ್ಟೇ ದೂರುತ್ತಿದ್ದ ಹಳೆಯ ಲೆಕ್ಕ ಹೀಗೆ ಬದಲಾಗಿದೆ.

ಪ್ರಶ್ನೆ: ಅಂಗಡಿಯಲ್ಲಿ ‘ಕರಗುವ ಚೀಲ’ ಎಂದು ಕೊಡುತ್ತಾರೆ. ಅದನ್ನು ಬಳಸಿದರೆ ಹೊಳೆಗೆ ತೊಂದರೆ ಇಲ್ಲವೇ? (ಗೃಹಿಣಿ, ಭದ್ರಾವತಿ)

ಉತ್ತರ: ತೊಂದರೆ ಇದೆ. ಇಂಥ ಚೀಲ ಗೊಬ್ಬರವಾಗಬೇಕಾದರೆ ಗೊಬ್ಬರದ ಘಟಕದಲ್ಲಿ ಐವತ್ತು ಡಿಗ್ರಿಗೂ ಮೀರಿದ ಬಿಸಿ ವಾರಗಟ್ಟಲೆ ಇರಬೇಕು. ಭದ್ರೆಯ ತಣ್ಣನೆಯ ನೀರಿನಲ್ಲಿ ಅದು ಬೇರೆ ಚೀಲಗಳಂತೆಯೇ ಕರಗದೆ ಉಳಿಯುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರದ ವಿವರ ಚೀಲದ ಮೇಲೆ ಅಚ್ಚಾಗಿಲ್ಲದಿದ್ದರೆ ಆ ಹೆಸರನ್ನೂ ನಂಬಬೇಕಾಗಿಲ್ಲ. ಬಟ್ಟೆ ಚೀಲ ಮರೆಯದಿರುವುದೇ ಸುಲಭ.

ಪ್ರಶ್ನೆ: ಅಡಿಕೆ ಕೊನೆಗೆ, ಅಂದರೆ ಗೊಂಚಲಿಗೆ, ಮಳೆಗಾಲದಲ್ಲಿ ನೀರು ತಾಗದಂತೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟುತ್ತೇವೆ. ಬಿಚ್ಚಿದ ಮೇಲೆ ಅದನ್ನೂ ಮನೆಯ ಇತರ ಪ್ಲಾಸ್ಟಿಕನ್ನೂ ಬಚ್ಚಲ ಒಲೆಗೆ ಹಾಕಿ ನೀರು ಕಾಯಿಸುವುದು ನಮ್ಮಲ್ಲಿ ರೂಢಿ. ಹೊಳೆಗೆ ಎಸೆಯುವುದಕ್ಕಿಂತ ಇದು ಮೇಲಲ್ಲವೇ? (ಕೃಷಿಕ ಮಹಿಳೆ, ಸಾಗರ ತಾಲ್ಲೂಕು)

ಉತ್ತರ: ಅಮ್ಮ, ಪ್ರಾಮಾಣಿಕವಾಗಿ ಕೇಳಿದ್ದೀರಿ, ಆದ್ದರಿಂದ ಸುತ್ತಿ ಬಳಸದೆ ಹೇಳುತ್ತೇನೆ: ಮೇಲಲ್ಲ. ಬಚ್ಚಲ ಒಲೆಯ ಬೆಂಕಿಗೆ ಪ್ಲಾಸ್ಟಿಕನ್ನು ಪೂರ್ತಿ ಉರಿಸುವಷ್ಟು ಕಾವು ಇರುವುದಿಲ್ಲ. ಅರೆಬೆಂದ ಪ್ಲಾಸ್ಟಿಕಿನ ಹೊಗೆಯಲ್ಲಿ ವಿಷಾನಿಲವೂ ಮಸಿಯೂ ಇರುತ್ತವೆ. ಹಳೆಯ ಪೈಪು, ರೆಗ್ಸಿನ್, ತಂತಿಯ ಹೊದಿಕೆಯಂಥ ಪಿವಿಸಿ ವಸ್ತು ಸೇರಿದರೆ ಡಯಾಕ್ಸಿನ್ ಎಂಬ, ಕ್ಯಾನ್ಸರಿಗೆ ಕಾರಣವಾಗಬಲ್ಲ, ಬಹುಕಾಲ ಅಳಿಯದ ವಿಷ ಹುಟ್ಟುತ್ತದೆ. ಒಲೆಯ ಮುಂದೆ ಕೂರುವವರು ಮನೆಯ ಹೆಂಗಸರು ಮತ್ತು ಸ್ನಾನಕ್ಕೆ ಕಾದ ಮಕ್ಕಳು. ಬೂದಿ ಹೋಗುವುದು ತೋಟದ ಬುಡಕ್ಕೆ, ಕೆಲವೆಡೆ ಪಾತ್ರೆ ತಿಕ್ಕುವುದಕ್ಕೂ. ಕಡಲನ್ನು ಉಳಿಸಲು ಹೋಗಿ ಇದನ್ನು ಉಸಿರಾಡುವುದು ಬೇಡ.

ಕೊಟ್ಟೆಯ ವಿಷಯಕ್ಕೆ ಬರೋಣ. ಕೊಳೆರೋಗದ ಭಯ ಏನೆಂದು ಬಲ್ಲವನಾದ್ದರಿಂದ ಕೊಟ್ಟೆ ಕಟ್ಟಬೇಡಿ ಎಂದು ಹೇಳುವ ಧೈರ್ಯ ನನಗಿಲ್ಲ. ಹಿಂದೆ ಇದೇ ಕೆಲಸವನ್ನು ಅಡಿಕೆ ಹಾಳೆಯ ಕೊಟ್ಟೆ ಮಾಡುತ್ತಿತ್ತು. ಹರಿದು ಬಿದ್ದರೆ ಬುಡದಲ್ಲೇ ಗೊಬ್ಬರವಾಗುತ್ತಿತ್ತು. ಕೊನೆಗಾರರೇ ಸಿಗದ ಈ ಕಾಲದಲ್ಲಿ ಹಾಳೆ ಕೊಟ್ಟೆ ಹೆಣೆಯಿರಿ ಎನ್ನುವುದು ಉಪದೇಶವಷ್ಟೇ ಆದೀತು. ಮಾಡಬಹುದಾದದ್ದು ಇಷ್ಟು: ಗಾಳಿಗೆ ಹರಿದು ಬಸಿಗಾಲುವೆಗೆ ಬಿದ್ದ ಚೂರುಗಳನ್ನು ಮಳೆಗಾಲದ ನಡುವೆಯೇ ಆರಿಸಿ, ಏಕೆಂದರೆ ಬಸಿಗಾಲುವೆಯೇ ಹಳ್ಳದ ಬಾಯಿ. ಬಿಚ್ಚಿದ ಕೊಟ್ಟೆಗಳನ್ನು ತೊಳೆದು ಒಣಗಿಸಿ ಒಂದೇ ಕಟ್ಟಾಗಿ ಕಟ್ಟಿಡಿ. ಒಂದೇ ಜಾತಿಯ, ಶುಚಿಯಾದ ಪ್ಲಾಸ್ಟಿಕಿಗೆ ಗುಜರಿಯವರು ಬೆಲೆ ಕೊಡುತ್ತಾರೆ; ಮಣ್ಣು, ಎಣ್ಣೆ, ಸಾರು ಮೆತ್ತಿದ್ದನ್ನು ಯಾರೂ ಮುಟ್ಟುವುದಿಲ್ಲ. ಉಳಿದ ಒಣ ಕಸವನ್ನು ಗ್ರಾಮ ಪಂಚಾಯಿತಿಯ ಕಸ ವಿಲೇವಾರಿ ಘಟಕವಾದ ‘ಸ್ವಚ್ಛ ಸಂಕೀರ್ಣ’ಕ್ಕೆ ಸೇರಿಸಿ. ಗಾಡಿ ನಿಮ್ಮ ಒಂಟಿಮನೆಯವರೆಗೆ ಬರದಿದ್ದರೆ, ಕೇರಿಯ ನಾಲ್ಕು ಮನೆಯವರು ಕೂಡಿ ತಿಂಗಳಿಗೊಮ್ಮೆ ಹಾಲಿನ ಡೈರಿಯ ಬಳಿ ತಂದಿಡುತ್ತೇವೆಂದು ಪಂಚಾಯಿತಿಗೆ ಬರೆದುಕೊಡಿ. ಮಲೆನಾಡಿನಲ್ಲಿ ಮನೆಗಳು ಮೈಲಿಗೊಂದರಂತೆ ಇರುವುದರಿಂದ ಪೇಟೆಯ ಪದ್ಧತಿ ಇಲ್ಲಿ ನಡೆಯದು.

ಇದೇ ಸಂದರ್ಭದಲ್ಲಿ, ನಮ್ಮ ಅಡಿಕೆಗಾರರು ಹೆಚ್ಚು ಮಾತಾಡಲು ಬಯಸದ ಒಂದು ಸಂಗತಿ. ಹೊಳೆಯ ಸ್ನಾನಘಟ್ಟದಲ್ಲಿ ಶಾಂಪೂ ಪೊಟ್ಟಣದ ಪಕ್ಕದಲ್ಲಿ ಬಿದ್ದಿರುವುದು ಗುಟ್ಕಾ ಮತ್ತು ಪಾನ್ ಮಸಾಲೆಯ ಪೊಟ್ಟಣ. ಅವುಗಳನ್ನು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಮಾರಬಾರದೆಂದು 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ನಮ್ಮ ತೋಟದಿಂದ ಗೋಣಿಚೀಲದಲ್ಲಿ ಉತ್ತರಕ್ಕೆ ಹೋದ ಅಡಿಕೆ, ಪೊಟ್ಟಣದಲ್ಲಿ ನಮ್ಮದೇ ಹೊಳೆಗೆ ಮರಳುತ್ತಿದೆ. ಬೆಳೆಗಾರರ ಸಹಕಾರ ಸಂಘಗಳು ಬೆಲೆಯ ಬಗ್ಗೆ ನಿರ್ಣಯ ಮಾಡುವಾಗ ಈ ನಿಯಮದ ಪಾಲನೆಯ ಬಗ್ಗೆಯೂ ಒಂದು ಸಾಲು ಸೇರಿಸಿದರೆ ಸರ್ಕಾರ ಕೇಳಿಸಿಕೊಳ್ಳುತ್ತದೆ ಎಂದು ನನ್ನ ಅನಿಸಿಕೆ.

ಪ್ರಶ್ನೆ: ನಮ್ಮ ಯುವಕ ಸಂಘದಿಂದ ಪ್ರತಿವರ್ಷ ಬಸ್ಸು ಮಾಡಿಕೊಂಡು ಹೋಗಿ ಕಡಲತೀರ ಸ್ವಚ್ಛ ಮಾಡಿ ಬರುತ್ತೇವೆ. ಈ ವರ್ಷ ನಮ್ಮೂರ ಹಳ್ಳಕ್ಕೇ ಅಡ್ಡಲಾಗಿ ಬಲೆ ಕಟ್ಟಿ ಪ್ಲಾಸ್ಟಿಕ್ ಹಿಡಿಯಬೇಕೆಂದಿದ್ದೇವೆ. ಸಲಹೆ ಕೊಡಿ. (ಯುವಕ ಸಂಘದ ಕಾರ್ಯದರ್ಶಿ, ಹೊಸನಗರ ತಾಲ್ಲೂಕು)

ಉತ್ತರ: ಯೋಚನೆ ಒಳ್ಳೆಯದು, ಬಲೆ ಬೇಡ. ಗ್ವಾಟೆಮಾಲಾ ದೇಶದ ಲಾಸ್ ವಾಕಾಸ್ ಎಂಬ ನದಿಗೆ 2022ರಲ್ಲಿ ಓಶನ್ ಕ್ಲೀನಪ್‌ನವರು ಎತ್ತರದ ಉಕ್ಕಿನ ಬೇಲಿ ಹಾಕಿದ್ದರು. ಒಂದು ನೆರೆ ಬಂತು, ಬೇಲಿಯ ಹಿಂದೆ ಕಸದ ಗುಡ್ಡವೇ ನಿಂತಿತು, ನೀರು ಕಂಬಗಳ ಬುಡ ಕೊರೆದು ಎಲ್ಲವನ್ನೂ ಹೊತ್ತೊಯ್ದಿತು. ಮರುವರ್ಷ ಅವರು ತೇಲುವ ತಡೆಗೆ ಬದಲಾದರು. ಎಂಜಿನಿಯರುಗಳ ಉಕ್ಕಿನ ಗತಿಯೇ ಹೀಗಾದರೆ ಆರಿದ್ರಾ ಮಳೆಯ ಹಳ್ಳಕ್ಕೆ ನೈಲಾನ್ ಬಲೆ ಯಾವ ಲೆಕ್ಕ? ಹರಿದ ಬಲೆಯೇ ಕಡಲಿಗೆ ಹೋಗುವ ಪ್ಲಾಸ್ಟಿಕ್ ಆಗುತ್ತದೆ. ಪೆಸಿಫಿಕ್ಕಿನ ಆ ಕಸದ ತೂಕದಲ್ಲಿ ಶೇಕಡ 46ರಷ್ಟು ಮೀನುಗಾರಿಕೆಯ ಬಲೆಗಳೇ ಎಂಬುದನ್ನು ನೆನಪಿಡಿ. ಇದಲ್ಲದೆ ಮೊದಲ ಮಳೆಗೆ ಮೊಟ್ಟೆಯಿಡಲು ಹೊಳೆಯಿಂದ ಹಳ್ಳ, ಗದ್ದೆಗಳಿಗೆ ಏರುವ ಹತ್ತುಮೀನಿನ ದಾರಿಗೆ ನಿಮ್ಮ ಬಲೆ ಅಡ್ಡವಾಗುತ್ತದೆ.

ನೀರು ಬರುವ ಮೊದಲೇ ಕೆಲಸ ಮುಗಿಸಿ. ಮೇ ತಿಂಗಳ ಕೊನೆಯಲ್ಲಿ ರೋಹಿಣಿ ಮಳೆ ಶುರುವಾಗುವ ಹೊತ್ತಿಗೆ ಹಳ್ಳದ ಪಾತ್ರ ಬಹುಪಾಲು ಒಣಗಿರುತ್ತದೆ, ವರ್ಷದ ಕಸ ಮೋರಿಗಳ ಬಾಯಿಯಲ್ಲಿ, ಸೇತುವೆಯ ಅಡಿಯಲ್ಲಿ, ಸಂತೆಮಾಳದ ಹಿಂದಿನ ಕಂದಕದಲ್ಲಿ ಕಾದು ಕುಳಿತಿರುತ್ತದೆ. ಮೃಗಶಿರ ಹಿಡಿದ ಮೇಲೆ ಎರಡೇ ರಾತ್ರಿಯಲ್ಲಿ ಎಲ್ಲವೂ ಜಾರಿಹೋಗುತ್ತದೆ. ನಡುಗಡಲಿನಲ್ಲಿ ಎಕರೆಗೆ ಇನ್ನೂರು ಗ್ರಾಂ ಸಿಗುವ ಕಸ ಇಲ್ಲಿ ಒಂದು ಮೋರಿಯ ಬಾಯಲ್ಲಿ ಬುಟ್ಟಿ ಬುಟ್ಟಿಯಾಗಿ ಸಿಗುತ್ತದೆ. ಅದಕ್ಕೆ ಬೇಕಾದದ್ದು ಕೈಗವಸು, ಕುಕ್ಕೆ, ಗೋಣಿಚೀಲ ಮತ್ತು ಒಂದು ಪಿಕಪ್ ಗಾಡಿ. ತೀರ್ಥಹಳ್ಳಿಯ ಮೇಷ್ಟ್ರ ಮೊಮ್ಮಗಳ ಉಳಿದ ಸಾವಿರದೈನೂರು ಇಂಥ ಗಾಡಿಯ ಬಾಡಿಗೆಗೆ ಹೋಗಲಿ ಎಂಬುದು ನನ್ನ ಉದ್ದೇಶ.

ಗಾಡಿಯ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಾನೂ ಗೆಳೆಯರೊಂದಿಗೆ ಕರಾವಳಿಗೆ ಹೋಗಿ ಅರ್ಧ ದಿನ ತೀರದ ಕಸ ಆರಿಸಿದೆ. ಮೂವತ್ತೆರಡು ಚೀಲ ತುಂಬಿ, ಸಾಲಾಗಿ ನಿಲ್ಲಿಸಿ, ಫೋಟೊ ತೆಗೆಸಿಕೊಂಡು, ಚೀಲ ಒಯ್ಯಲು ಸ್ಥಳೀಯ ಕಚೇರಿಯೊಂದರಿಂದ ಲಾರಿ ಬರುತ್ತದೆಂಬ ಬಾಯಿಮಾತನ್ನು ನಂಬಿ ಘಟ್ಟ ಹತ್ತಿದೆವು. ಲಾರಿ ಬರಲಿಲ್ಲ. ನಾಲ್ಕನೇ ದಿನದ ಭರತಕ್ಕೆ ಚೀಲಗಳು ಬಾಯಿ ಬಿಚ್ಚಿಕೊಂಡವೆಂದು ಅಲ್ಲಿನ ಮೀನುಗಾರರೊಬ್ಬರು ಫೋನಿನಲ್ಲಿ ಹೇಳಿದಾಗ ಆದ ನಾಚಿಕೆ ಇನ್ನೂ ಹೋಗಿಲ್ಲ. ತಪ್ಪು ಕಚೇರಿಯದಷ್ಟೇ ಅಲ್ಲ. ಕಸ ಎಲ್ಲಿಗೆ ಹೋಗುತ್ತದೆ ಎಂದು ಹೊರಡುವ ಮೊದಲೇ ಕೇಳದಿದ್ದ ನಮ್ಮದೂ ಹೌದು.

ಆದ್ದರಿಂದ ಮೊದಲು ಪಂಚಾಯಿತಿಯ ಘಟಕದಿಂದ ದಿನ ಗೊತ್ತುಮಾಡಿಕೊಳ್ಳಿ. ಆರಿಸುವಾಗಲೇ ಬಾಟಲಿ, ಚೀಲ, ಹೊಳೆಯುವ ಪೊಟ್ಟಣಗಳೆಂದು ಮೂರು ಪಾಲು ಮಾಡಿ. ಮೊದಲೆರಡಕ್ಕೆ ಕೊಳ್ಳುವವರಿದ್ದಾರೆ. ಹಲವು ಪದರದ ಪೊಟ್ಟಣಗಳನ್ನು ಮರುಬಳಸಲು ಆಗದು. ಅವು ಸಿಮೆಂಟ್ ಕಾರ್ಖಾನೆಯ ಗೂಡಿಗೆ ಇಂಧನವಾಗಿ ಹೋಗಬೇಕು, ಅದಕ್ಕೆ ಘಟಕದವರೇ ದಾರಿ ಮಾಡಬೇಕು. ಕೇರಳದ ಕೊಲ್ಲಂ ಬಳಿಯ ನೀಂಡಕರದಲ್ಲಿ 2017ರಲ್ಲಿ ಶುರುವಾದ ‘ಶುಚಿತ್ವ ಸಾಗರಂ’ ಯೋಜನೆ ನಿಂತದ್ದು ಇದೇ ಎಚ್ಚರದಿಂದ: ಬಲೆಗೆ ಸಿಕ್ಕ ಪ್ಲಾಸ್ಟಿಕನ್ನು ಮತ್ತೆ ಕಡಲಿಗೆ ಎಸೆಯುತ್ತಿದ್ದ ಮೀನುಗಾರರು ಅದನ್ನು ಬಂದರಿಗೆ ತರತೊಡಗಿದರು, ಬಂದರಿನಲ್ಲಿ ಮಹಿಳೆಯರು ಅದನ್ನು ಬೇರ್ಪಡಿಸಿ ತೊಳೆದರು, ಯಂತ್ರ ಅದನ್ನು ಚೂರುಮಾಡಿತು, ಚೂರು ರಸ್ತೆಯ ಡಾಂಬರಿಗೆ ಸೇರಿತು. ನಮ್ಮ ಕರಾವಳಿಯ ಬಂದರುಗಳಲ್ಲಿ ಇಂಥ ಕೆಲಸ ನಡೆಸುವ ಮೀನುಗಾರರ ಸಂಘ ಕಂಡರೆ, ಘಟ್ಟದ ಮೇಲಿನವರ ದೇಣಿಗೆಗೆ ಅದಕ್ಕಿಂತ ಯೋಗ್ಯ ಜಾಗ ಇಲ್ಲ.

ತೀರದ ಪ್ರವಾಸವನ್ನು ಬಿಡಬೇಕೆಂದಿಲ್ಲ. ಅಂತರರಾಷ್ಟ್ರೀಯ ಕರಾವಳಿ ಸ್ವಚ್ಛತಾ ದಿನ ಸೆಪ್ಟೆಂಬರಿನ ಮೂರನೇ ಶನಿವಾರ ಬರುತ್ತದೆ. ಮೇ ತಿಂಗಳಲ್ಲಿ ಹಳ್ಳ ಮುಗಿಸಿದವರು ಆಗ ಕಡಲಿಗೂ ಹೋಗಬಹುದು. ಹಳ್ಳದಿಂದ ತೆಗೆದದ್ದನ್ನು ಮಾತ್ರ ಅಡಿಕೆ ತೂಗುವ ತಕ್ಕಡಿಯಲ್ಲೇ ತೂಗಿ, ಮೂರು ಪಾಲಿನ ತೂಕವನ್ನೂ ಗಾಡಿ ಬಾಡಿಗೆಯನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಆ ಲೆಕ್ಕವನ್ನು ಜೂನ್ ಹತ್ತರೊಳಗೆ ನಮಗೆ ಕಳಿಸಿದರೆ, ಒಂದು ಕಿಲೋ ಕಸ ತೆಗೆಯಲು ಹೊಸನಗರದಲ್ಲಿ ಎಷ್ಟು ಖರ್ಚಾಯಿತು ಎಂಬುದನ್ನು ಇದೇ ಅಂಕಣದಲ್ಲಿ ಪ್ರಕಟಿಸುತ್ತೇವೆ.